ಚೀಟಿಯಲ್ಲಿ 1942, ಹೊಟ್ಟೆಯೊಳಗೆ 1964: ಸಂತೆಪೇಟೆ ಕಡೆಯ ಒಂದು ಹಳೆ ಫೋನಂಗಡಿ

ಮೈಸೂರಿನ ಸಂತೆಪೇಟೆ ಸುತ್ತಲ ಗಲ್ಲಿಗಳಲ್ಲಿ ಹಿತ್ತಾಳೆ ಪಾತ್ರೆ, ಗೋಡೆ ಗಡಿಯಾರ, ತುಕ್ಕು ಹಿಡಿದ ಬೀಗ, ಗ್ರಾಮೊಫೋನ್ ತಟ್ಟೆ ಎಲ್ಲವನ್ನೂ ಒಟ್ಟಿಗೆ ರಾಶಿ ಹಾಕಿಕೊಂಡು ಕೂರುವ ಅಂಗಡಿಗಳಿವೆ. ಅಂಥದ್ದೇ ಒಂದರಲ್ಲಿ, ಬಲಗಡೆ ಗೋಡೆಯ ಮೂರು ಹಲಗೆಗಳ ಮೇಲೆ ಇಪ್ಪತ್ತರ ಆಸುಪಾಸು ಡಯಲ್ ಫೋನುಗಳು ಸಾಲಾಗಿ ಕೂತಿವೆ. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ. ಅದರಲ್ಲಿ ಇಸವಿ, ಬೆಲೆ, ಜೊತೆಗೊಂದು ಸಾಲು ಪುರಾಣ. ಮಾಲು ಚೆನ್ನಾಗಿದೆ. ಬೆಲೆ ಚೌಕಾಸಿಗೆ ಬಗ್ಗುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಸ್ಕ್ರೂಡ್ರೈವರ್ ತಂದವರಿಗೆ ತಳ ಬಿಚ್ಚಿ ನೋಡಲು ಬಿಡುತ್ತಾರೆ. "ನೋಡ್ಕಳಿ ಸಾರ್, ಮುರೀಬೇಡಿ ಅಷ್ಟೇ" ಎನ್ನುತ್ತಾರೆ ಮಾಲೀಕರು. ಚೀಟಿಯ ಇಸವಿಗಳು ಮಾತ್ರ, ಬಿಚ್ಚಿ ನೋಡಿದ ಆರರಲ್ಲಿ ಒಂದಕ್ಕೂ ಹೊಂದಲಿಲ್ಲ.

ಬಾಗಿಲ ಹತ್ತಿರದ ಕರಿ ಫೋನಿನಿಂದಲೇ ಶುರು ಮಾಡಬಹುದು. ಚೀಟಿ: "1942, ಅರಮನೆ ಫೋನ್, 3,500". ಕೈಗೆತ್ತಿಕೊಂಡರೆ ಒಳ್ಳೆ ತೂಕ, ಮೈ ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್), ರಿಸೀವರಿನ ಹಿಡಿ ದಪ್ಪ. ತಿರುಗಿಸಿದರೆ ತಳದಲ್ಲಿ ಐಟಿಐ ಎಂಬ ಮುದ್ರೆ. ಅರಮನೆಯ ಕಥೆ ಅಲ್ಲಿಗೇ ಬಿತ್ತು. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿದ್ದೇ 1948ರಲ್ಲಿ. ಐಟಿಐ ಎಂದು ಅಚ್ಚಾದ ಯಾವ ಫೋನೂ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. "ಬ್ರಿಟಿಷರ ಕಾಲದ್ದು" ಎಂದು ಯಾರಾದರೂ ಹೇಳಿದರೆ ಬ್ರಿಟಿಷರು ಹಡಗು ಹತ್ತಿದ ಮೇಲೆ ಆ ಕಾರ್ಖಾನೆ ಬಂತು ಎಂದು ನೆನಪಿಸಿದರೆ ಸಾಕು. ಇಂಗ್ಲೆಂಡಿನ ಎಟಿಇ ಕಂಪನಿಯ ತಾಂತ್ರಿಕ ಸಹಾಯದಿಂದ ಶುರುವಾದ ಕಾರ್ಖಾನೆಯಾದ್ದರಿಂದ ಮೊದಮೊದಲ ಫೋನುಗಳ ಚಹರೆ ಇಂಗ್ಲಿಷ್ ಫೋನಿನ ಹಾಗೇ ಇರುತ್ತದೆ. ನೋಡಿದವರು ಮೋಸ ಹೋಗುವುದು ಅಲ್ಲೇ. ಚಹರೆ ಹಳೆಯದು, ತಯಾರಾದದ್ದು ಆಮೇಲೆ.

ಈ ಗೊಂದಲ ಅಂಗಡಿಯ ಅರ್ಧಕ್ಕರ್ಧ ಚೀಟಿಗಳಲ್ಲಿದೆ. ಬ್ರಿಟನ್ನಿನ ಫೋನುಗಳನ್ನು ಆಗ ನೋಡಿಕೊಳ್ಳುತ್ತಿದ್ದ ಅಂಚೆ ಇಲಾಖೆಯ 300 ಎಂಬ ಫೋನು ಮಾಲಿಕೆ 1937ರಲ್ಲಿ ಬಂತು. ಅದೇ ಅಚ್ಚಿನ ಫೋನುಗಳು 1950ರ ದಶಕದಲ್ಲೂ ತಯಾರಾಗುತ್ತಿದ್ದವು. ಅಂತರ್ಜಾಲದಲ್ಲಿ ಹುಡುಕಿ "ಈ ಮಾದರಿ 1937" ಎಂದು ಓದಿ ಅದನ್ನೇ ಚೀಟಿಗೆ ಬರೆದರೆ ಮಾದರಿ ಹುಟ್ಟಿದ ಇಸವಿ ಸಿಕ್ಕಿತೇ ಹೊರತು ಕೈಯಲ್ಲಿರುವ ಪೆಟ್ಟಿಗೆಯದ್ದಲ್ಲ. ಅಮೆರಿಕದ ಫೋನಿನ ತಳದಲ್ಲಿರುವ ಪೇಟೆಂಟ್ ಇಸವಿಯ ಕತೆಯೂ ಅಷ್ಟೇ. ಪೇಟೆಂಟ್ ಮೊದಲು, ಫೋನು ಎಷ್ಟೋ ವರ್ಷ ಆದಮೇಲೆ.

ಕರಿ ಫೋನಿಗೆ ಬರೋಣ. ತಳದ ಪ್ಲೇಟಿಗೆ ಮೂಲದಲ್ಲಿ ಹಾಕುತ್ತಿದ್ದದ್ದು ಚಪ್ಪಟೆ ಸೀಳಿನ ಸ್ಕ್ರೂ. ಇದರಲ್ಲಿ ನಾಲ್ಕರಲ್ಲಿ ಒಂದು ಸ್ಟಾರ್ ಸ್ಕ್ರೂ. ಅಂದರೆ ಯಾರೋ ಮೊದಲೇ ಬಿಚ್ಚಿದ್ದಾರೆ, ಕಳೆದುಹೋದದ್ದಕ್ಕೆ ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಬಿಚ್ಚುವಾಗ ಸ್ಕ್ರೂವಿನ ಸೀಳಿಗೆ ಸರಿಹೊಂದುವ ಅಗಲದ ಸ್ಕ್ರೂಡ್ರೈವರ್ ಬೇಕು. ಸಣ್ಣದನ್ನು ಹಾಕಿ ತಿರುಗಿಸಿದರೆ ಸೀಳು ಸವೆದು ಸ್ಕ್ರೂ ಅಲ್ಲೇ ಸತ್ತುಹೋಗುತ್ತದೆ. ಬೇಕಲೈಟಿಗೆ ಮತ್ತೆ ಕೂರಿಸುವಾಗ ಬಿಗಿ ಮಾಡಿದರೆ ಕಂಬ ಸೀಳುತ್ತದೆ; ಬೆರಳ ತುದಿಯ ಬಲಕ್ಕೆ ನಿಲ್ಲಿಸಬೇಕು.

ಒಳಗೆ ಟಾರ್ಚ್ ಹಾಯಿಸಿದರೆ ಡಯಲಿನ ಬೆನ್ನಿನಲ್ಲಿ ನೇರಳೆ ಶಾಯಿಯ ಮುದ್ರೆ: 6-64. ಕಂಡೆನ್ಸರ್ ಡಬ್ಬಿಯ ಪಕ್ಕದಲ್ಲಿ ಅಚ್ಚಾದದ್ದು 71. ರಿಸೀವರಿನಿಂದ ಬರುವ ಸುರುಳಿ ವೈರು ಪಿವಿಸಿಯದು, ಅದರ ತುದಿಯ ಹಿತ್ತಾಳೆ ಹಿಡಿಗಳು ಇನ್ನೂ ಹೊಳೆಯುತ್ತಿವೆ. ಡಯಲಿನ ವೈರಿನ ಹಿಡಿಗಳು ಕಪ್ಪಾಗಿವೆ. ಮೂರು ಕಾಲದ ಭಾಗ, ಒಂದೇ ಫೋನು. ಇದನ್ನು ನೋಡಿ "ಕಲಬೆರಕೆ" ಎಂದು ಮುಖ ಸಿಂಡರಿಸುವವರಿದ್ದಾರೆ. ಆದರೆ ಆಗ ಫೋನು ಮನೆಯವರದ್ದಾಗಿರಲಿಲ್ಲ, ಇಲಾಖೆಯದ್ದು. ಕೆಟ್ಟರೆ ಲೈನ್‌ಮ್ಯಾನ್ ಬಂದು ಬದಲಾಯಿಸಿಕೊಟ್ಟು ಕೆಟ್ಟದ್ದನ್ನು ಒಯ್ಯುತ್ತಿದ್ದರು. ಅದು ಕಾರ್ಯಾಗಾರಕ್ಕೆ ಹೋಗಿ, ಒಂದರ ಡಯಲು ಇನ್ನೊಂದರ ಮೈಗೆ ಸೇರಿ, ಇನ್ನೊಂದು ಮನೆಗೆ ಹೋಗುತ್ತಿತ್ತು. ಹಾಗಾಗಿ 64ರ ಡಯಲು, 71ರ ಕಂಡೆನ್ಸರ್ ಇರುವ ಫೋನು ಮೋಸದ ಫೋನಲ್ಲ, ದುಡಿದ ಫೋನು. ಇಸವಿ ಹೇಳಬೇಕಾದರೆ "ಬಿಡಿಭಾಗಗಳು 64ರಿಂದ 71ರವರೆಗೆ, ಮುದ್ರೆ ಐಟಿಐ" ಎಂದು ಹೇಳುವುದು ನ್ಯಾಯ. ಒಂದೇ ಇಸವಿ ಬೇಕೇ ಬೇಕೆಂದರೆ, ಅದರಲ್ಲಿರುವ ಅತಿ ಹೊಸ ಮೂಲ ಭಾಗದ ಇಸವಿಯನ್ನು ಹಿಡಿಯಬೇಕು. ಈಗಿರುವ ರೂಪದಲ್ಲಿ ಆ ಫೋನು ಅದಕ್ಕಿಂತ ಹಿಂದೆ ಇರಲಿಲ್ಲ.

ಕೆಲವು ಮುದ್ರೆಗಳು ಇಸವಿಯನ್ನು ನೇರ ಹೇಳದಿದ್ದರೂ ಬೇಲಿ ಹಾಕುತ್ತವೆ. ಪಿ ಅಂಡ್ ಟಿ ಎಂದಿದ್ದರೆ ಅಂಚೆ ಮತ್ತು ತಂತಿ ಒಂದೇ ಇಲಾಖೆಯಾಗಿದ್ದ ಕಾಲ. 1985ರಲ್ಲಿ ಅವು ಬೇರೆಯಾದವು. ಹಳೆ ದಾಸ್ತಾನು ಒಂದೆರಡು ವರ್ಷ ಉಳಿದಿರಬಹುದು, ಅಷ್ಟು ಸಡಿಲ ಬಿಡಿ. ಡಯಲಿನ ನಡುವಿನ ಕಾಗದದ ಚೀಟಿಯಲ್ಲಿ ನಂಬರ್ ಬರೆದಿದ್ದರೆ ಅಂಕಿ ಎಷ್ಟಿವೆ ಎಣಿಸಿ: ಮೈಸೂರಿಗೆ 0821 ಆದಮೇಲೆ ಈಗ ಏಳಂಕಿ, ಮಂಡ್ಯಕ್ಕೆ 08232 ಆದಮೇಲೆ ಆರಂಕಿ. ಅಂಕಿ ಕಡಿಮೆಯಾದಷ್ಟೂ ಚೀಟಿ ಹಳೆಯದು. ಆದರೆ ಅದು ಕಾಗದ, ಯಾರು ಬೇಕಾದರೂ ಬದಲಾಯಿಸಬಹುದು; ಸಾಕ್ಷಿಗಳ ಸಾಲಿನಲ್ಲಿ ಅದನ್ನು ಕೊನೆಗೆ ನಿಲ್ಲಿಸಿ.

ಎರಡನೇ ಹಲಗೆಯ ಕೆಂಪು ಫೋನೇ ಅಂಗಡಿಯ ಹೆಮ್ಮೆ. ಚೀಟಿ: "ಮಂತ್ರಿಗಳ ಹಾಟ್‌ಲೈನ್, 1955, ಬೇಕಲೈಟ್, ಅಪರೂಪ, 5,000". ಚೀಟಿಯ ಪದಗಳೇ ಒಂದಕ್ಕೊಂದು ಜಗಳವಾಡುತ್ತಿವೆ. ಫೋನಿಗೆ ಬಳಸುತ್ತಿದ್ದ ಬೇಕಲೈಟ್ ಫೀನಾಲಿನಿಂದಾದದ್ದು, ಜೊತೆಗೆ ಮರದ ಹಿಟ್ಟು ಬೆರೆತದ್ದು. ಅದರ ಮೈಬಣ್ಣವೇ ಕಂದು. ಅದಕ್ಕೆ ಕಪ್ಪು, ಗಾಢ ಕಂದು ಒಗ್ಗುತ್ತದೆ, ಹೊಳೆಯುವ ಕೆಂಪು, ದಂತದ ಬಿಳಿ, ಪಚ್ಚೆ ಹಸಿರು ಒಗ್ಗುವುದಿಲ್ಲ. ಬ್ರಿಟನ್ನಿನವರು 300 ಮಾಲಿಕೆಯಲ್ಲಿ ಕೆಂಪು, ಹಸಿರು, ದಂತ ಬಣ್ಣ ಕೊಟ್ಟಿದ್ದು ನಿಜ. ಆದರೆ ಅವನ್ನು ಡಯಾಕಾನ್ ಎಂಬ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದರು. ಹಾಗಾಗಿ ಒಂದು ಫೋನು ಒಮ್ಮೆಗೇ ಬೇಕಲೈಟೂ ಕೆಂಪೂ ಎಂದರೆ ಮೊದಲು ಬಣ್ಣದ ಡಬ್ಬಿಯನ್ನು ಅನುಮಾನಿಸಬೇಕು.

ಅನುಮಾನ ಸರಿಯಾಗಿತ್ತು. ಬಣ್ಣ ಬಳಿದದ್ದು ಮೂರು ಕಡೆ ಸಿಕ್ಕಿಬೀಳುತ್ತದೆ. ಒಂದು, ಡಯಲಿನ ಬಳೆ ಮೈಗೆ ಸೇರುವ ಅಂಚು: ಅಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿತ್ತು. ಇನ್ನೊಂದು, ರಿಸೀವರ್ ಕೂರುವ ಗುಂಡಿಗಳ ತೂತು: ಗುಂಡಿ ಒತ್ತಿ ಒಳಗೆ ಇಣುಕಿದರೆ ತೂತಿನ ಗೋಡೆ ಕರ್ರಗೆ. ಮತ್ತೊಂದು ಬಾಯಿ ಕಡೆಯ ಮುಚ್ಚಳ: ತಿರುಗಿಸಿ ಬಿಚ್ಚಿದರೆ ತಿರುಪಿನ ಗೆರೆಗಳೊಳಗೆ ಕೆಂಪು ಬಣ್ಣ ಸುತ್ತಿಕೊಂಡು ಗಟ್ಟಿಯಾಗಿ, ಬಿಚ್ಚುವಾಗ ಸಿಪ್ಪೆ ಏಳುತ್ತದೆ. ಮೂಲದಲ್ಲೇ ಬಣ್ಣದ ಪ್ಲಾಸ್ಟಿಕ್ ಆಗಿದ್ದರೆ ಒಳಗೂ ಹೊರಗೂ ಒಂದೇ ಬಣ್ಣ ಇರಬೇಕು, ಉಗುರಿಗೆ ಸಿಪ್ಪೆ ಬರಬಾರದು. ಇದನ್ನು ತೋರಿಸಿದಾಗ ಮಾಲೀಕರು ವಾದಿಸಲಿಲ್ಲ. "ನಾನ್ ಬಳ್ದಿಲ್ಲ ಸಾರ್, ಬಳ್ದಿದ್ದನ್ನೇ ತಗಂಡಿದ್ದು" ಎಂದು ಚೀಟಿಯಿಂದ ಅಪರೂಪ ಎಂಬ ಪದ ಹೊಡೆದರು, ಬೆಲೆ ಹಾಗೇ ಬಿಟ್ಟರು.

ಒಳಗಿರುವುದು ನಿಜವಾಗಿ ಬೇಕಲೈಟೇ ಎಂದು ಖಾತ್ರಿ ಮಾಡಿಕೊಳ್ಳುವುದು ಸುಲಭ. ಬಿಳಿ ಹತ್ತಿಯ ತುಂಡಿಗೆ ಒಂದು ಹನಿ ಲೋಹದ ಪಾಲಿಶ್ ಹಾಕಿ, ಬಣ್ಣ ಬಳಿಯದ ಒಳ ಅಂಚಿನಲ್ಲಿ ಕಾಳಿನಷ್ಟು ಜಾಗ ಉಜ್ಜಿ. ಹತ್ತಿ ಹಳದಿ ಮಿಶ್ರಿತ ಕಂದಾದರೆ ಬೇಕಲೈಟ್. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಆಸ್ಪತ್ರೆ ಫೀನಾಯಿಲಿನ ಜಾತಿಯ ವಾಸನೆ ಬರುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿದರೆ ಎಬಿಎಸ್ ಪ್ಲಾಸ್ಟಿಕ್ ಟೊಳ್ಳು ಸದ್ದು ಮಾಡುತ್ತದೆ, ಬೇಕಲೈಟಿನ ಸದ್ದು ಮಡಕೆಯಂತೆ. ಬಿಸಿನೀರಿನಲ್ಲಿ ಅದ್ದಿ ನೋಡುವ ಉಪಾಯ ಬಳೆ, ಗುಂಡಿಗಳಿಗೆ ಸರಿ. ಫೋನಿನ ಮೈಗೆ ಬೇಡ, ಹೊಳಪು ಹೋದರೆ ಮತ್ತೆ ಬರುವುದಿಲ್ಲ.

ಪಕ್ಕದಲ್ಲೇ ಒಂದು ಬ್ರಿಟಿಷ್ ಫೋನಿದೆ, ಯಾರೋ ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿ ತಂದದ್ದಿರಬೇಕು. ಎರಡು ಛಾಯೆಯ ಬೂದು, ನಯವಾದ ಮೈ. ಚೀಟಿ: "1932, 6,500". ಈ 1932 ಎಲ್ಲಿಂದ ಬಂತೆಂದು ಹುಡುಕಿದರೆ ಇದರ ತಳದಲ್ಲಿ ಅಂಥ ಸಂಖ್ಯೆಯೇ ಇಲ್ಲ; ಪಕ್ಕದ ಕರಿ ಫೋನಿನ ತಳದ 332 ಎಂಬ ಸಂಖ್ಯೆಯನ್ನು ಯಾರೋ ಇಸವಿ ಎಂದು ಓದಿ ಎರಡೂ ಚೀಟಿಗೆ ಅಂಟಿಸಿದ್ದಾರೆ. ಇದು ಎಲ್ಲ ಕಡೆ ಆಗುವ ತಪ್ಪು. 332 ಎಂಬುದು ಮಾದರಿ. ರಿಸೀವರಿನ ಹಿಡಿಯ ಒಳಗೆ 164 ಎಂದು ಕಂಡರೆ ಅದೂ ಮಾದರಿಯೇ, 1964 ಅಲ್ಲ. ಇಸವಿ ಬೇಕಾದರೆ ಇಲಾಖೆಯ ಮುದ್ರೆಯಲ್ಲಿ ಓರೆಗೆರೆಯ ಹಿಂದಿನ ಎರಡಂಕಿ ನೋಡಬೇಕು: 57/2 ಎಂದರೆ 1957. ಮುಂದಿರುವ ಅಕ್ಷರಗಳು ತಯಾರಕರ ಗುರುತು, ಅವು ಇಸವಿಗೆ ಬೇಕಿಲ್ಲ.

ಬೂದು ಫೋನಿನ ತಳದಲ್ಲಿ 706 ಮತ್ತು 64 ಎರಡೂ ಇವೆ. 706 ಬಂದದ್ದು 1959ರಲ್ಲಿ, ಅದರ ಜಾಗಕ್ಕೆ 746 ಬಂದದ್ದು 1967ರಲ್ಲಿ. ಹಾಗಾಗಿ 64 ಎನ್ನುವುದು ಬೇಲಿಯೊಳಗೇ ಇದೆ, ನಂಬಬಹುದು. 700 ಮಾಲಿಕೆಯಲ್ಲಿ ಕಪ್ಪು, ದಂತ, ಕೆಂಪು, ನೀಲಿ, ಹಳದಿ, ಎರಡು ಛಾಯೆಯ ಹಸಿರು, ಎರಡು ಛಾಯೆಯ ಬೂದು ಇದ್ದವು. ಕಂಡ ಕೂಡಲೇ ಎರಡು ಛಾಯೆ ಎಂದರೆ 1959ಕ್ಕಿಂತ ಹಿಂದಿನದಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು. ಬಣ್ಣದಿಂದ ಇಷ್ಟು ಖಚಿತವಾಗಿ ಸಿಗುವುದು ಅಪರೂಪ. ಈ ಮಾಲಿಕೆಯ ಮೊದಲ ಕಾಲದವು ಡಯಾಕಾನಿನಲ್ಲಿ, ಆಮೇಲಿನವು ಎಬಿಎಸ್‌ನಲ್ಲಿ ಬಂದವು. ಡಯಾಕಾನಿಗೆ ಸ್ಪಿರಿಟ್ ಸೋಕಿಸಿದರೆ ಗಾಜು ಬಿರಿದಂತೆ ಸಣ್ಣ ಸಣ್ಣ ಸೀಳು ಬೀಳುತ್ತವೆ. ಎಬಿಎಸ್‌ಗೆ ಅಸಿಟೋನ್ ಸೋಕಿಸಿದರೆ ಕರಗಿ ಮುಖ ಕೆಡುತ್ತದೆ. ಯಾವುದೆಂದು ಗೊತ್ತಿಲ್ಲದಾಗ ಒದ್ದೆ ಬಟ್ಟೆ, ಪಾತ್ರೆ ಸೋಪಿನ ನೊರೆ, ಮೃದು ಬ್ರಷ್ಷು ಇಷ್ಟರಲ್ಲೇ ನಿಲ್ಲಿಸಿ.

ಅಕ್ಷರ ಇರುವ ಡಯಲಿನಲ್ಲಿ ಇನ್ನೊಂದು ಪರೀಕ್ಷೆ. ಬ್ರಿಟನ್ನಿನದರಲ್ಲಿ 6ರ ಬಳಿ ಎಂ, ಎನ್ ಎರಡೇ. ಓ ಅಕ್ಷರ ಸೊನ್ನೆಯ ಬಳಿ ಇರುತ್ತದೆ. ಅಮೆರಿಕದ್ದರಲ್ಲಿ 6ರ ಬಳಿ ಎಂ, ಎನ್, ಓ ಮೂರೂ, ಸೊನ್ನೆಯ ಬಳಿ ಆಪರೇಟರ್ ಎಂಬ ಪದ. ಬ್ರಿಟಿಷ್ ಮೈಯ ಮೇಲೆ ಅಮೆರಿಕದ ಅಕ್ಷರ ಕಂಡರೆ ಅಂಕಿ ಬಳೆ ಬದಲಾಗಿದೆ. ಬ್ರಿಟನ್ನಿನಲ್ಲಿ 1966ರಿಂದ ಬರೀ ಅಂಕಿಯ ನಂಬರುಗಳು ಬರತೊಡಗಿದವು, ಆಮೇಲೆ ಅಕ್ಷರಗಳು ಮರೆಯಾದವು. ಆದರೆ ಬರೀ ಅಂಕಿಯ ಡಯಲುಗಳು ಅದಕ್ಕೂ ಮುಂಚೆಯೇ ಇದ್ದವು, ಹಾಗಾಗಿ ಅಕ್ಷರವಿಲ್ಲದ ಡಯಲು ಹಿಂದಿನ ಇಸವಿಯ ಮೈಮೇಲಿದ್ದ ಮಾತ್ರಕ್ಕೆ ರಿಪೇರಿ ಎನ್ನಬೇಡಿ.

ಮೇಲಿನ ಹಲಗೆಯಲ್ಲಿ ಒಂದು ಅಮೆರಿಕನ್, ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 500. ಚೀಟಿ "ದಂತದ ಬಣ್ಣ, 1950, 9,000". ಇಸವಿ ಓದುವವರಿಗೆ ಇದು ಹಬ್ಬ: ಈ ಕಂಪನಿಯವರು ಬೆಲ್ಲು, ಡಯಲು, ಒಳಗಿನ ನೆಟ್‌ವರ್ಕ್ (ಮಾತಿನ ಸರ್ಕ್ಯೂಟ್) ಡಬ್ಬಿ, ಮೈಯ ಒಳಭಾಗ, ರಿಸೀವರಿನ ಎರಡು ಬಿಲ್ಲೆಗಳು, ತಳ, ಎಲ್ಲದರ ಮೇಲೂ ತಿಂಗಳು, ವರ್ಷ ಒತ್ತಿದ್ದಾರೆ. ತಳದಲ್ಲಿ 3-66 ಎಂದರೆ 1966ರ ಮಾರ್ಚ್. ಎಲ್ಲ ಭಾಗದಲ್ಲೂ ಒಂದೆರಡು ತಿಂಗಳ ಆಚೀಚೆ ಒಂದೇ ಇಸವಿ ಬಂದರೆ ಸಂಗ್ರಾಹಕರು ಅದಕ್ಕೆ ಹೆಚ್ಚು ಕೊಡುತ್ತಾರೆ. ಇಲ್ಲಿನದರಲ್ಲಿ ತಳ, ಬೆಲ್ಲು, ನೆಟ್‌ವರ್ಕ್ 66. ಮೈಯ ಒಳಗೆ 66. ರಿಸೀವರಿನ ಕಿವಿಬಿಲ್ಲೆ ಮಾತ್ರ 73. ಒಂದು ಬಿಲ್ಲೆ ಬದಲಾದದ್ದು ದೊಡ್ಡ ದೋಷವಲ್ಲ.

ಬಣ್ಣದ ವಿಷಯ ಮಾತ್ರ ಚೀಟಿ ಸುಳ್ಳು. ಮೈಯನ್ನು ಎತ್ತಿ ಒಳಗೆ ನೋಡಿದರೆ ಸುಣ್ಣದ ಬಿಳಿ. ಹೊರಗಿನ ದಂತ ಬಣ್ಣ ಬಿಸಿಲು ಕೊಟ್ಟದ್ದು. ರಿಸೀವರ್ ಕೂರುವ ತೊಟ್ಟಿಲಿನ ಕೆಳಗೆ, ಡಯಲಿನ ನೆರಳಿನಲ್ಲಿ ಇನ್ನೂ ಬಿಳಿ ಉಳಿದಿದೆ. ಈ ಕಂಪನಿಯವರು ಬಣ್ಣಕ್ಕೆ ಸಂಖ್ಯೆ ಕೊಡುತ್ತಿದ್ದರು: 3 ಕಪ್ಪು, 50 ದಂತ, 51 ಹಸಿರು, 53 ಕೆಂಪು, 58 ಬಿಳಿ. ತಳದಲ್ಲೋ ಪೆಟ್ಟಿಗೆಯಲ್ಲೋ ಆ ಸಂಖ್ಯೆ ಸಿಕ್ಕರೆ ಬಣ್ಣದ ವಾದವೇ ಮುಗಿಯಿತು. ಬಣ್ಣ ನೋಡಿ ಇಸವಿ ಹೇಳುವವರು ಎಡವುವುದು ಇಲ್ಲೇ: ಹಳದಿಗಟ್ಟಿದ ಬಿಳಿ, ಹಳದಿಗಟ್ಟಿದ ತಿಳಿ ಬೂದು, ಅಸಲಿ ದಂತ, ಮೂರೂ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ. ಬಾಗಿಲ ಬೆಳಕಿಗೆ ಒಯ್ದು, ಮೈಯ ಒಳಭಾಗ ನೋಡದೆ ಬಣ್ಣದ ಹೆಸರೇ ಹೇಳಬಾರದು.

ಅದೇ ಕಂಪನಿಯ ಇನ್ನೂ ಹಿಂದಿನ ಫೋನುಗಳಿಗೆ ಮೂಗೇ ಸಾಕು. 1959ರ ಸುಮಾರಿನವರೆಗೆ ಬಣ್ಣದ 500ಗಳ ಮೈ ಮೃದು ಪ್ಲಾಸ್ಟಿಕ್ಕಿನದು, ಸೆಲ್ಯುಲೋಸ್ ಜಾತಿಯದು. ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಕೆಟ್ಟ ಬೆಣ್ಣೆಯ ವಾಸನೆ ಗಪ್ಪನೆ ಬಡಿಯುತ್ತದೆ. ಮೈ ತುಸು ಕುಗ್ಗಿ ತಳದ ಪ್ಲೇಟಿಗೆ ಸರಿಯಾಗಿ ಕೂರುವುದೂ ಇಲ್ಲ. ಆಮೇಲಿನದು ಎಬಿಎಸ್, ವಾಸನೆಯಿಲ್ಲ, ಗಟ್ಟಿ, ಬಿಸಿಲಿಗೆ ಹಳದಿಯಾಗುತ್ತದೆ. ಅಂಗಡಿಯ ಈ ಫೋನು ಮೂಸಿದರೆ ಏನೂ ಇಲ್ಲ. ಚೀಟಿಯ 1950 ಅಲ್ಲಿಗೂ ಹೊಂದಲಿಲ್ಲ.

ಮೂಲೆಯಲ್ಲೊಂದು ಸ್ವೀಡನ್ನಿನ ಎರಿಕ್ಸನ್. ಚೆಂದ ಫೋನು, ಕಾಯಂ ಆಗಿ ಬಳಸಲು ಮಾತ್ರ ಕೊಳ್ಳಬೇಡಿ. ಸ್ವೀಡನ್ನಿನ ಡಯಲಿನಲ್ಲಿ ಸೊನ್ನೆ ಮೊದಲು ಬರುತ್ತದೆ: ಸೊನ್ನೆಗೆ ಒಂದು ಪಲ್ಸ್ (ಡಯಲು ಹಿಂದಿರುಗುವಾಗ ಲೈನಿಗೆ ಹೋಗುವ ಎಣಿಕೆಯ ಮಿಡಿತ), 1ಕ್ಕೆ ಎರಡು, 9ಕ್ಕೆ ಹತ್ತು. ನಮ್ಮಲ್ಲಿ ಸೊನ್ನೆಗೆ ಹತ್ತು. ಆ ಫೋನಿನಿಂದ ಮೈಸೂರಿನ 0821 ಬೇಕಾದರೆ 9710 ತಿರುಗಿಸಬೇಕು! ಡಯಲು ಕೆಟ್ಟಿದೆ ಎಂದು ಬಿಚ್ಚಿ ಹಾಳು ಮಾಡಿದವರಿದ್ದಾರೆ. ಕೆಟ್ಟಿರುವುದಿಲ್ಲ, ಊರು ಬೇರೆ ಅಷ್ಟೇ.

ಮುಂಬಾಗಿಲ ಗಾಜಿನೊಳಗೆ ಹೊಳೆಯುವ ಹಿತ್ತಾಳೆ ಫೋನುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. "ರಾಯಲ್", "ವಿಕ್ಟೋರಿಯಾ" ಎಂದು ಕೊರೆದಿರುವ ಇವು ಇತ್ತೀಚೆಗೆ ಅಲಂಕಾರಕ್ಕೆ ಮಾಡಿದವು. ಬೆರಳು ತೂತಿನಂತೆ ಕಾಣುವ ಕಡೆ ಒತ್ತಿದರೆ ಕಟಕ್ ಎನ್ನುತ್ತದೆ, ಅಂದರೆ ಅದು ಡಯಲಲ್ಲ, ಒತ್ತುವ ಗುಂಡಿ. ಅಯಸ್ಕಾಂತ ಅಂಟಿದರೆ ಹಿತ್ತಾಳೆಯ ನೀರು ಹಾಕಿದ ಕಬ್ಬಿಣ. ಹೆಣೆದ ವೈರಿನ ಒಂದು ಎಳೆ ಕಿತ್ತು ಕಡ್ಡಿ ತೋರಿಸಿದರೆ ಹತ್ತಿಯದಾದರೆ ಬೂದಿ, ಪಾಲಿಯೆಸ್ಟರ್ ಆದರೆ ಮಣಿಯಂತೆ ಕರಗಿ ಗಟ್ಟಿಯಾಗುತ್ತದೆ. ಸುಡುವ ಮುಂಚೆ ಅಂಗಡಿಯವರನ್ನು ಕೇಳಿ. ಹಾಲಿನಲ್ಲಿಡಲು ಚೆನ್ನ, 2,200ಕ್ಕೆ ಮೋಸವೂ ಇಲ್ಲ. ಹಳೆಯದೆಂದು ಕೊಳ್ಳದಿದ್ದರೆ ಸಾಕು.

ಇನ್ನು ರಿಪೇರಿ. ಐನೂರು ರೂಪಾಯಿಗೆ "ಚಾಲೂ ಮಾಡಿಕೊಡುತ್ತೇವೆ" ಎನ್ನುತ್ತಾರೆ. ಎರಡು ಫೋನಿನಲ್ಲಿ ಆ ಕೆಲಸ ನೋಡಲು ಸಿಕ್ಕಿತು. ವೈರಿನ ಬೆಸುಗೆ ಚೊಕ್ಕವಾಗಿದೆ, ಬೆಲ್ಲಿನ ಬಟ್ಟಲುಗಳ ನಡುವಿನ ಅಂತರ ಸರಿ ಹೊಂದಿಸಿದ್ದಾರೆ, ಮೌತ್‌ಪೀಸಿನೊಳಗಿನ ಕಾರ್ಬನ್ ಕಾಳು ಗಟ್ಟಿಯಾಗಿದ್ದನ್ನು ಬಿಡಿಸಿದ್ದಾರೆ. (ಮನೆಯಲ್ಲಿ ಮಾತಾಡುವಾಗ ಆಚೆಯವರಿಗೆ ನಿಮ್ಮ ದನಿ ಸಣ್ಣಗೆ ಕೇಳಿದರೆ ರಿಸೀವರನ್ನು ಅಂಗೈಗೆ ತಟ್ಟಿ, ಮೇಜಿಗಲ್ಲ, ಬೇಕಲೈಟು ಒಡೆದರೆ ತಟ್ಟಿದ ಸುಖ ಹೋಗುತ್ತದೆ.) ಒಂದೇ ದೊಡ್ಡ ತಪ್ಪು: ಡಯಲಿನೊಳಗೆ ಎಣ್ಣೆ ಸುರಿದಿದ್ದಾರೆ. ಡಯಲು ಹಿಂದಿರುಗುವ ವೇಗವನ್ನು ಹಿಡಿಯುವುದು ಗವರ್ನರ್. ಅದು ಬಟ್ಟಲಿನ ಗೋಡೆಗೆ ಉಜ್ಜಿ ತಡೆಯುತ್ತದೆ. ಅಲ್ಲಿಗೆ ಎಣ್ಣೆ ಹೋದರೆ ಹಿಡಿತ ತಪ್ಪಿ ಡಯಲು ಓಡುತ್ತದೆ. ಸೆಕೆಂಡಿಗೆ 10 ಪಲ್ಸ್ ಹೋಗಬೇಕು. 9ರಿಂದ 11ರೊಳಗಿದ್ದರೆ ನಡೆಯುತ್ತದೆ, ಆಚೆ ಹೋದರೆ ಎಕ್ಸ್‌ಚೇಂಜ್ ತಪ್ಪು ನಂಬರು ಓದುತ್ತದೆ. ಅಳೆಯಲು ಯಂತ್ರ ಬೇಕಿಲ್ಲ: ಸೊನ್ನೆ ತಿರುಗಿಸಿ ಬಿಡಿ, ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಹಿಂದಿರುಗಲು ಒಂದು ಸೆಕೆಂಡಿಗೆ ತುಸು ಮೇಲಾಗಬೇಕು, ಸದ್ದು ಒಂದೇ ಸಮ ಇರಬೇಕು. ನಡುವೆ ಎಳೆದಂತಾದರೆ ಒಳಗೆ ಒಣಗಿದ ಗ್ರೀಸು. ಗವರ್ನರಿನ ಬಟ್ಟಲು ಒಣಗಿರಬೇಕು, ಅಕ್ಷದ ತುದಿಗಳಿಗೆ ಮಾತ್ರ ಸೂಜಿ ಮೊನೆಯಷ್ಟು ಗಡಿಯಾರದ ಎಣ್ಣೆ.

"ಚಾಲೂ" ಎಂಬ ಮಾತನ್ನು ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಹೀಗೆ. ಮಲ್ಟಿಮೀಟರನ್ನು ಓಮ್‌ಗಿಟ್ಟು ಎರಡು ಲೈನು ವೈರಿಗೆ ಹಿಡಿಯಿರಿ. ರಿಸೀವರ್ ಕೆಳಗಿದ್ದಾಗ ಮೀಟರು ಏನೂ ತೋರಬಾರದು, ಏಕೆಂದರೆ ಬೆಲ್ಲಿನ ದಾರಿಯಲ್ಲಿ ಕಂಡೆನ್ಸರ್ ಅಡ್ಡ ನಿಂತಿದೆ. ಎತ್ತಿದರೆ ಕೆಲವು ನೂರು ಓಮ್ ಬರಬೇಕು. ಡಯಲು ತಿರುಗಿ ಬರುವಾಗ ಮುಳ್ಳು ಕುಣಿಯಬೇಕು. ಮುಳ್ಳಿನ ಮೀಟರೇ ಒಳ್ಳೆಯದು, ಅಂಕಿಯ ಮೀಟರಿಗೆ ಅಷ್ಟು ಚುರುಕಿಲ್ಲ. ರಿಸೀವರ್ ಕೆಳಗಿದ್ದಾಗಲೇ ಓಮ್ ಕಂಡರೆ ಕಂಡೆನ್ಸರ್ ಸೋರುತ್ತಿದೆ ಅಥವಾ ಗುಂಡಿಯ ಪತ್ತಿ ಅಂಟಿಕೊಂಡಿದೆ. ಲೈನಿಗೆ ಹಾಕಿದರೆ ಸದಾ ಎಂಗೇಜ್.

ಒಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ, ಕೇಳಿದರೂ ತಿಳಿಯದು. ಈಗ ಮನೆಗಳಿಗೆ ಹೆಚ್ಚಾಗಿ ಬರುವುದು ಫೈಬರ್ ಲೈನು. ಮೋಡೆಮ್ ಪೆಟ್ಟಿಗೆಯ ಫೋನು ತೂತಿಗೆ ಸಿಕ್ಕಿಸಿದರೆ ಬೆಲ್ಲು ಹೊಡೆಯಬಹುದು, ಮಾತೂ ಕೇಳಬಹುದು, ಆದರೆ ಎಷ್ಟೋ ಪೆಟ್ಟಿಗೆಗಳು ಪಲ್ಸ್ ಡಯಲಿಂಗ್ ಓದುವುದಿಲ್ಲ. ಆಗ ಪಲ್ಸನ್ನು ಟೋನ್ (ಗುಂಡಿ ಫೋನಿನ ಸದ್ದು) ಮಾಡುವ ಚಿಕ್ಕ ಪರಿವರ್ತಕ ನಡುವೆ ಹಾಕಬೇಕು. ಹಳೆ ಬೆಲ್ಲು ಶಕ್ತಿ ಹೆಚ್ಚು ಎಳೆಯುತ್ತದೆ, ಒಂದೇ ಪೆಟ್ಟಿಗೆಗೆ ಎರಡು ಫೋನು ಹಾಕಿದರೆ ಎರಡೂ ಕೆಮ್ಮಿ ಸುಮ್ಮನಾಗಬಹುದು. ತಾಮ್ರದ ಲೈನು ಇರುವವರು ತಳ ಬಿಚ್ಚಿಟ್ಟು ಕೈಹಾಕುವ ಮುನ್ನ ವೈರು ತೆಗೆಯಿರಿ. ಆ ಹೊತ್ತಿಗೆ ಕರೆ ಬಂದರೆ 75 ವೋಲ್ಟಿನ ಆಸುಪಾಸು ರಿಂಗಿನ ಏಟು ಬೀಳುತ್ತದೆ.

ಬೆಲೆಗೆ ಬಂದರೆ, ಕರಿ ಐಟಿಐಗೆ 3,500 ಹೆಚ್ಚು. ಮಂಡ್ಯದ ಗುಜರಿ ಅಂಗಡಿಗಳಲ್ಲಿ ಕಚೇರಿ ಖಾಲಿ ಮಾಡಿದಾಗ ಬಂದವು ಚೀಟಿ, ಪುರಾಣ ಯಾವುದೂ ಇಲ್ಲದೆ ಹಳೆ ಫ್ಯಾನುಗಳ ಕೆಳಗೆ ಬಿದ್ದಿರುತ್ತವೆ. "ತೂಕುಕ್ಕೆ ಆಕ್ಬುಡ್ತೀನಿ, ತಗಂಡೋಗಣ್ಣ" ಎನ್ನುವವರು ಸಿಗುತ್ತಾರೆ. ಅಲ್ಲಿ ವೈರು ಇಲಿ ಕಡಿದಿರುತ್ತದೆ, ರಿಸೀವರ್ ಬಿರುಕು ಬಿಟ್ಟಿರುತ್ತದೆ, ಆದರೆ ಬಣ್ಣ ಬಳಿದಿರುವುದಿಲ್ಲ. ಇಸವಿ ಓದಲು ಕೊಳೆ ತುಂಬಿದ ಫೋನೇ ಮೇಲು. ಉಜ್ಜಿ ಹೊಳೆಯಿಸಿದವರು ಶಾಯಿ ಮುದ್ರೆಯನ್ನೂ ಉಜ್ಜಿಬಿಟ್ಟಿರುತ್ತಾರೆ. ಸಂತೆಪೇಟೆಯ ಈ ಅಂಗಡಿಯಲ್ಲಿ ಬೂದು 706ಕ್ಕೆ ಕೇಳಿದ ಬೆಲೆ ಕೊಡಬಹುದು, ಭಾಗಗಳೆಲ್ಲ ಒಂದೇ ಕಾಲದವು. ಅಮೆರಿಕದ 500ರಲ್ಲಿ 66ರ ಸಾಕ್ಷಿ ಅಷ್ಟೊಂದಿದೆ, ಆದರೆ ಹಳದಿಗಟ್ಟಿದೆ; 9,000ದಲ್ಲಿ ಮೂರನೇ ಒಂದು ಭಾಗವಾದರೂ ಇಳಿಸಬೇಕು. ಕೆಂಪು ಬಣ್ಣ ಬಳಿದದ್ದನ್ನು ಕರಿ ಫೋನಿನ ಬೆಲೆಗೆ ಕೇಳಿ, ಬಣ್ಣ ತೆಗೆಯುವ ಕೂಲಿ ಅದರಲ್ಲೇ ಕಳೆದು. ತೆಗೆಯುವುದಾದರೆ ಬಣ್ಣ ಕರಗಿಸುವ ರಾಸಾಯನಿಕದ ಮೊದಲ ಹನಿ ಒಳ ಅಂಚಿಗೆ, ಮೈಗಲ್ಲ.

ಹೋಗುವವರು ಚಪ್ಪಟೆ ಸ್ಕ್ರೂಡ್ರೈವರ್ ಎರಡು ಅಳತೆಯದು, ಟಾರ್ಚು, ಭೂತಗನ್ನಡಿ, ಅಯಸ್ಕಾಂತದ ತುಂಡು ಜೇಬಿಗೆ ಹಾಕಿಕೊಳ್ಳಿ. ಗಲ್ಲಾದ ಕೆಳಗೆ ಬಿಸ್ಕತ್ತಿನ ಹಳೆ ತಗಡಿನ ಡಬ್ಬಿಯೊಂದಿದೆ, ಕೇಳದೆ ತೋರಿಸುವುದಿಲ್ಲ. ಅದರಲ್ಲಿ ಬಿಡಿ ಡಯಲುಗಳು, ಅಂಕಿ ಬಳೆಗಳು, ಬೆರಳು ತಡೆಯುವ ಕೊಕ್ಕೆಗಳು, ಮೌತ್‌ಪೀಸ್ ಬಿಲ್ಲೆಗಳು. ಒಂದಕ್ಕೂ ಚೀಟಿ ಇಲ್ಲ, ಎಲ್ಲದರ ಬೆನ್ನಿಗೂ ಮುದ್ರೆ ಇದೆ. ಡಯಲೊಂದಕ್ಕೆ 300 ಹೇಳುತ್ತಾರೆ, ಎರಡು ತೆಗೆದುಕೊಂಡರೆ 500.